ಕೆಂಪು ಬೆಲ್ಟು, ನೀಲಿ ಬೆಲ್ಟು, ಅವ್ವನ ಹಂಚು

ಗೆಳೆಯರೇ, ಚಾಕು ತಯಾರಿಸುವ ನನ್ನ ಹೊಸ ಹುಚ್ಚಿಗಾಗಿ ಇವತ್ತು ಶಹಾಪುರದಿಂದ ಎರಡು ಗ್ರೈಂಡಿಂಗ್ ಬೆಲ್ಟ್, ಅಂದರೆ ಯಂತ್ರಕ್ಕೆ ಹಾಕಿ ಕಬ್ಬಿಣ ಉಜ್ಜುವ ಉಪ್ಪುಕಾಗದದಂಥ ಪಟ್ಟಿ, ತಂದೆ. ಒಂದು ಕೆಂಪು, ಒಂದು ನೀಲಿ. ಎರಡರ ಬೆನ್ನ ಮೇಲೂ ಒರಟುತನದ ನಂಬರ್ ಅರವತ್ತು ಎಂದೇ ಇತ್ತು. ಹಾಗಾದರೆ ಫರಕೇನು? ಅಂಗಡಿಯವರು, "ನಂಬರ್ ಒಂದೇ ಅದಲ್ರೀ, ಯಾವ್ದಾದ್ರೂ ಹಾಕ್ರಿ" ಅಂದಿದ್ದರು. ಊಟ ಮುಗಿಸಿ ಪರೀಕ್ಷಿಸೋಣವೆಂದು ಎದ್ದರೆ, ಅವ್ವ ಕೆಂಪು ಬೆಲ್ಟಿನ ತುಂಡಿನಿಂದ ರೊಟ್ಟಿ ಹಂಚು ತಿಕ್ಕುತ್ತಿದ್ದಳು!

"ಅವ್ವಾ, ಅದು ಮಷಿನಿಗೆ ಹಾಕೋ ಬೆಲ್ಟು! ಕತ್ತರಿಸೇ ಬಿಟ್ಟಿಯೇನು?"

"ಯಾಕ ಒದರ್ತಿ? ಮೊದಲ ನೀಲೀದ್ರಾಗ ತಿಕ್ಕಿ ನೋಡೀನಿ, ಅದು ಬರೇ ನೆಕ್ಕತದ. ಕೆಂಪಂದು ಕಬ್ಬಿಣಾನೇ ತಿಂತದ. ಅದಕ್ಕ ಕತ್ತರಿಸಿ ಇಟ್ಕೊಂಡೀನಿ."

ಫರಕು ತಿಳಿಯಿತು. ಗೆದ್ದ ಬೆಲ್ಟು ಈಗ ಬಚ್ಚಲಲ್ಲಿ ಪಾತ್ರೆಗಳ ಜೊತೆಗಿದೆ. ಸೋತದ್ದು ನನ್ನ ಯಂತ್ರದ ಮೇಲೆ ಕೂತು ಚಾಕುವನ್ನು ನೆಕ್ಕುತ್ತಿದೆ.