ಮೋತಿ ಎದ್ದು ನಿಂತ ಮಧ್ಯಾಹ್ನ

ಮೇಗರವಳ್ಳಿಯಲ್ಲಿ ಕೆಲಸ ಮಾಡುತ್ತಿದ್ದಾಗ ದೆವ್ವದ ಕತೆ ಹೇಳುವವರನ್ನು ನಾನು ಸುಮ್ಮನೆ ಬಿಡುತ್ತಿರಲಿಲ್ಲ. ತಿರುವಿನಲ್ಲಿ ಬಿಳಿ ಸೀರೆ ಕಂಡೆ ಎಂದವನಿಗೆ ಸೀರೆಯ ಅಂಚು ಯಾವ ಬಣ್ಣದ್ದಿತ್ತು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ನಾನು ದನದ ಡಾಕ್ಟರು. ಕಣ್ಣಿಗೆ ಕಂಡದ್ದು, ಕೊಯ್ದು ನೋಡಿದ್ದು, ಇಷ್ಟೇ ನಿಜ ಎಂದು ನಂಬಿದವನು. ಈಗ ಹೇಳಹೊರಟಿರುವುದೂ ಕಣ್ಣಿಗೆ ಕಂಡದ್ದೇ, ಕೊಯ್ದು ನೋಡಿದ್ದೇ. ತೊಂದರೆ ಏನೆಂದರೆ, ಅವೆರಡೂ ಒಂದಕ್ಕೊಂದು ಹೊಂದುವುದಿಲ್ಲ.

ಆಮೇಲೆ ನನಗೆ ಆನಂದಪುರದ ಕಡೆಗೆ ವರ್ಗವಾಯಿತು. ಅಲ್ಲಿ ಗಫೂರ್ ಸಾಹೇಬರು ಮದುವೆ ದಿಬ್ಬಣಕ್ಕೆ ಕುದುರೆ ಬಾಡಿಗೆಗೆ ಕೊಡುತ್ತಿದ್ದರು. ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲಿ ಮದುಮಗನಿಗೆ ಕುದುರೆ ಏರುವ ಆಸೆಯಾದರೂ ಅವರ ಬಿಳಿ ಕುದುರೆ ಮೋತಿಯೇ ಹೋಗಬೇಕು. ಬ್ಯಾಂಡಿನ ಸದ್ದಿಗೆ ಅದು ಮುಂಗಾಲನ್ನು ಎತ್ತೆತ್ತಿ ಇಡುತ್ತಿತ್ತು. ಮದುಮಗ ಹತ್ತುವಾಗ ಅಲುಗದೆ ನಿಂತು ಎಡ ಭುಜವನ್ನು ತುಸು ಇಳಿಸಿಕೊಡುತ್ತಿತ್ತು. ಕುದುರೆ ಹತ್ತಿ ಗೊತ್ತಿಲ್ಲದ ವರ ಜಾರಿ ಬೀಳಬಾರದಲ್ಲ ಎಂದು ಸಾಹೇಬರೇ ಕಲಿಸಿದ್ದು.

ಆಷಾಢದಲ್ಲಿ ಮದುವೆಗಳಿಲ್ಲ. ಒಂದು ತಿಂಗಳು ಮೋತಿ ಕಟ್ಟಿದಲ್ಲೇ ಇತ್ತು. ದುಡಿದ ಜೀವ, ರಜೆಯಲ್ಲಾದರೂ ಮೈ ತುಂಬಿಕೊಳ್ಳಲಿ ಎಂದು ಸಾಹೇಬರು ನೆನೆಸಿದ ಹುರುಳಿಗೆ ಬೆಲ್ಲ ಹಾಕಿ ಎರಡು ಹೊತ್ತೂ ತಿನ್ನಿಸಿದರು. ಪ್ರೀತಿಯಿಂದ ಮಾಡಿದ ತಪ್ಪು. ಕೆಲಸವಿಲ್ಲದೆ ಕಾಳು ತಿಂದ ಕುದುರೆಯನ್ನು ಒಮ್ಮೆಲೇ ದುಡಿಸಿದರೆ ಅದರ ಸ್ನಾಯುಗಳೇ ಒಡೆದುಹೋಗಬಹುದು. ಶ್ರಾವಣದ ಮೊದಲ ದಿಬ್ಬಣದಲ್ಲಿ, ಹೊಸನಗರದಲ್ಲಿ, ಮೋತಿ ಎರಡು ಗಂಟೆ ಕುಣಿಯಿತು. ಮನೆಗೆ ತಂದು ಗಾಡಿಯಿಂದ ಇಳಿಸುವಷ್ಟರಲ್ಲಿ ಮೈಯೆಲ್ಲ ಬೆವರು, ಹಿಂಗಾಲು ಕೊರಡು.

ನನ್ನ ತಪ್ಪು ಅದಕ್ಕಿಂತ ದೊಡ್ಡದು. ಕಾಲೇಜು ಬಿಟ್ಟ ಮೇಲೆ ನಾನು ಕುದುರೆ ಮುಟ್ಟಿದ್ದೇ ಅಪರೂಪ. ಹಿಂಗಾಲು ಎಳೆದು ಹಾಕುವುದನ್ನು ಕಂಡು ಇದು ನರದ ಕಾಯಿಲೆ ಎಂದುಕೊಂಡೆ. ಪರೀಕ್ಷೆಗೆಂದು ಅಂಗಳದಲ್ಲಿ ಸುತ್ತು ಹಾಕಿಸಿದೆ, ಬಾಲ ಹಿಡಿದು ಪಕ್ಕಕ್ಕೆ ಎಳೆದು ನೋಡಿದೆ, ಮತ್ತೆ ಸುತ್ತು ಹಾಕಿಸಿದೆ. ಒಂದು ಹೆಜ್ಜೆಯನ್ನೂ ಇಡಿಸಬಾರದಿದ್ದ ಪ್ರಾಣಿ ಅದು. ಅದು ಕಾಫಿ ಬಣ್ಣದ ಮೂತ್ರ ಮಾಡಿದಾಗಲೇ, ಕೆಟ್ಟಿರುವುದು ನರವಲ್ಲ, ಒಡೆದ ಸ್ನಾಯು ಎಂದು ನನಗೆ ಗೊತ್ತಾದದ್ದು. ಅಷ್ಟರಲ್ಲಿ ಮೋತಿ ಮಲಗಿಬಿಟ್ಟಿತ್ತು.

ನಾಲ್ಕು ದಿನ ಬಾಟಲಿಗಟ್ಟಲೆ ಸಲೈನ್ ಏರಿಸಿದೆ. ಅಡಕೆ ಚೀಲಗಳನ್ನು ಸೇರಿಸಿ ಹೊಲಿದು ಹೊಟ್ಟೆಯಡಿ ಕೊಟ್ಟು, ಶೆಡ್ಡಿನ ತೊಲೆಗೆ ಹಗ್ಗ ಹಾಕಿ ಎತ್ತಿ ನಿಲ್ಲಿಸಲು ನೋಡಿದೆವು. ಹಿಂಗಾಲು ಒದ್ದೆ ಬಟ್ಟೆಯಂತೆ ಜೋತಾಡಿದವು. ಮತ್ತೆ ಮತ್ತೆ ಮಗ್ಗುಲು ಬದಲಿಸಿದರೂ ಸೊಂಟದಲ್ಲಿ ಹುಣ್ಣಾಯಿತು. ಐದನೆಯ ದಿನ ಮಧ್ಯಾಹ್ನ ನಾನೇ ಹೇಳಿದೆ, ಇನ್ನು ನರಳಿಸುವುದು ಬೇಡ, ಇಂಜೆಕ್ಷನ್ ಕೊಟ್ಟು ಕಳಿಸಿಬಿಡೋಣ ಎಂದು. ಸಾಹೇಬರು ಬಹಳ ಹೊತ್ತು ಅದರ ಹಣೆ ಸವರುತ್ತ ಕೂತಿದ್ದು, "ಆಯ್ತು ಡಾಕ್ಟ್ರೇ, ನಿಮ್ ಕೈಯಿಂದ್ಲೇ ಆಗ್ಲಿ" ಎಂದರು.

ಸಿರಿಂಜಿಗೆ ಮದ್ದು ಎಳೆದುಕೊಂಡು ತಿರುಗಿದೆ. ಮೋತಿಯ ಕಿವಿಗಳು ನೆಟ್ಟಗಾಗಿದ್ದವು. ಮುಂಗಾಲು ಊರಿ, ಹಿಂಗಾಲು ಒದ್ದು, ಎದ್ದು ನಿಂತಿತು. ಯಾರೂ ಹಿಡಿದಿರಲಿಲ್ಲ, ಹಗ್ಗವನ್ನೂ ಆಗಲೇ ಬಿಚ್ಚಿಯಾಗಿತ್ತು. ಶೆಡ್ಡಿನಿಂದ ಹೊರಬಂದು ಅಂಗಳದ ನಡುವೆ ಅಲುಗದೆ ನಿಂತು ಎಡ ಭುಜ ಇಳಿಸಿತು. ಸ್ವಲ್ಪ ಹೊತ್ತು ಹಾಗೇ ಕಾಯಿತು. ಆಮೇಲೆ ಅದರ ಬೆನ್ನು ತಗ್ಗಿತು. ಭಾರ ಬಿದ್ದಾಗ ಕುದುರೆ ಕಾಲು ಅಗಲಿಸಿ ತೂಕ ಸರಿಮಾಡಿಕೊಳ್ಳುತ್ತದಲ್ಲ, ಹಾಗೇ ಮಾಡಿತು. ಬೆನ್ನ ಮೇಲೆ ಜೀನು ಇರಲಿಲ್ಲ, ಒಂದು ಬಟ್ಟೆಯೂ ಇರಲಿಲ್ಲ. ಮುಂಗಾಲನ್ನು ಎತ್ತೆತ್ತಿ ಇಡುತ್ತ, ಬಹಳ ಜೋಪಾನವಾಗಿ, ಗೇಟಿನ ಕಡೆ ನಡೆಯತೊಡಗಿತು. ಬ್ಯಾಂಡಿನ ಸದ್ದು ಕೇಳಿಸಿತೆಂದು ಸುಳ್ಳು ಹೇಳಲಾರೆ. ರಸ್ತೆಯಲ್ಲಿ ಒಂದು ಲಾರಿ ಹೋಯಿತು, ಅಷ್ಟೆ.

ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಬದುಕಿಕೊಂಡಿತು ಎಂದು ಓಡಿಹೋಗಿ ಕೊರಳಿಗೆ ಹಗ್ಗ ಹಾಕಿ ನಿಲ್ಲಿಸಿದೆ. ಸಾಹೇಬರ ಮುಖದಲ್ಲಿ ಮಾತ್ರ ಸಂತೋಷವಿರಲಿಲ್ಲ. "ಈಗ್ಲೇ ಇಂಜೆಕ್ಷನ್ ಕೊಟ್ಬಿಡಿ ಡಾಕ್ಟ್ರೇ, ಅದು ಹೊರಟಿದೆ" ಎಂದರು. ನಡೆಯುವ ಕುದುರೆಗೆ ಆ ಇಂಜೆಕ್ಷನ್ ಕೊಡುವವನು ಡಾಕ್ಟರೇ ಅಲ್ಲ ಎಂದು ಗದರಿ ಮದ್ದನ್ನು ಮಣ್ಣಿಗೆ ಚೆಲ್ಲಿದೆ.

ಕಾಲು ಗಂಟೆಯಲ್ಲಿ ಮೋತಿ ಕುಸಿಯಿತು. ಆ ಮದ್ದು ನನ್ನ ಹತ್ತಿರ ಇದ್ದದ್ದೇ ಅಷ್ಟು, ಬೇರೆ ತರಿಸಲು ಮರುದಿನವಾಗಬೇಕಿತ್ತು. ಅಲ್ಲಿಯವರೆಗೆ ಅದು ತಲೆಯನ್ನು ನೆಲಕ್ಕೆ ಬಡಿದುಕೊಳ್ಳುತ್ತ ನರಳಿತು, ಬೆಳಗಿನ ಜಾವ ಸತ್ತಿತು. ಅಷ್ಟು ಹೊತ್ತೂ ನಾವಿಬ್ಬರು ಅದರ ತಲೆಯಡಿ ಹುಲ್ಲು ತುರುಕುತ್ತ ಕೂತಿದ್ದೆವು. ಬೇರೇನೂ ಮಾಡುವುದಿರಲಿಲ್ಲ.

ಕೊಯ್ದು ನೋಡಿದೆ. ತೊಡೆಯ ಮಾಂಸ, ಸೊಂಟದ ಮಾಂಸ ಅರೆಬೆಂದ ಮೀನಿನಂತೆ ಬಿಳಿಚಿಕೊಂಡು, ಬೆರಳಿಟ್ಟರೆ ಬಿಟ್ಟುಬರುತ್ತಿತ್ತು. ಒಂದು ಕಾಲನ್ನು ನೆಟ್ಟಗೆ ಮಾಡುವ ಬಲವೂ ಅದರಲ್ಲಿ ಇದ್ದಿರಲು ಸಾಧ್ಯವಿಲ್ಲ. ಸಾಯುವ ಮುಂಚೆ ಕೆಲವು ಪ್ರಾಣಿಗಳಿಗೆ ಹಾಗೆ ಚೈತನ್ಯ ಬರುತ್ತದೆ ಎಂದು ನನ್ನ ಜೊತೆ ಓದಿದವರು ಹೇಳುತ್ತಾರೆ. ಆ ಮಾಂಸ ನೋಡಿದ ನಾನು ಒಪ್ಪಲಾರೆ. ಚೈತನ್ಯ ಬಂದ ಮಾತ್ರಕ್ಕೆ ಬೆನ್ನು ತಗ್ಗುವುದೂ ಇಲ್ಲ.

ಮಣ್ಣು ಮಾಡಿದ ಮೇಲೆ, ಅದರ ಮೇಲೆ ಹತ್ತಿದ್ದು ಯಾರು ಎಂದು ನಾನು ಸಾಹೇಬರನ್ನು ಕೇಳಿದೆ. ಬಾಯಿಬಿಟ್ಟು ಹಾಗೆ ಕೇಳಿದವನು ನಾನೇ ಎಂದು ಈಗಲೂ ನಂಬಲಾಗುವುದಿಲ್ಲ. ಅವರು ಕೈಯ ಮಣ್ಣು ಕೊಡವುತ್ತ, "ನಂಗೇನ್ ಗೊತ್ತು ಡಾಕ್ಟ್ರೇ. ಕರ್ಕೊಂಡ್ ಹೋಗೋಕೆ ಯಾರೋ ಬಂದಿದ್ರು. ನೀವು ಹಗ್ಗ ಹಾಕಿ ನಿಲ್ಲಿಸ್ಬಿಟ್ರಿ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಏನಾದರೂ ಉತ್ತರ ಕೊಡುತ್ತಿದ್ದೆ.