ಮೂರನೆಯ ದಿನದ ಹಾಲು

ಹಿರೇಕೆರೂರಿನ ನಮ್ಮ ಓಣಿಯ ಹುಡುಗ ಹುಡುಗಿಯರು ಹುಟ್ಟಿದ ಹೊತ್ತನ್ನು ಅವರನ್ನು ಹೆತ್ತವರು ಮರೆತಿರಬಹುದು, ಸುವಾರ್ತಾ ಸಿಸ್ಟರಬಾಯಿ ಮರೆತಿಲ್ಲ. ಸವಣೂರು, ಶಿಗ್ಗಾಂವ, ಹಾನಗಲ್ಲ ಎಂದು ಊರೂರು ಸುತ್ತಿ, ಕೊನೆಗೆ ನಮ್ಮೂರಿಗೆ ವರ್ಗವಾಗಿ ಬಂದು ಇಲ್ಲಿಯೇ ನಿವೃತ್ತರಾದ ಹೆರಿಗೆ ನರ್ಸು ಅವರು. ನನ್ನ ಮಗಳು ಸಮತಾ ಹುಟ್ಟಿದಾಗ, ನಾನಿನ್ನೂ ನರಳುತ್ತಿದ್ದಂತೆಯೇ ಗೋಡೆಯ ಗಡಿಯಾರ ನೋಡಿ "ಮೂರು ಹದಿನೇಳು" ಎಂದು ಗಟ್ಟಿಯಾಗಿ ಹೇಳಿದರು. ಗಂಡೋ ಹೆಣ್ಣೋ ಎಂದು ಹೇಳಿದ್ದು ಆಮೇಲೆ. ಎಲ್ಲರ ಹೆರಿಗೆಯಲ್ಲೂ ಹಾಗೆಯೇ, ಮೊದಲು ಹೊತ್ತು, ಆಮೇಲೆ ಉಳಿದದ್ದು. ನೋವಿಗೆ ಚೀರಿದವರನ್ನು ಬೈಯುತ್ತಿದ್ದರು, ಬೈದ ಮೇಲೆ ತಮ್ಮ ಡಬ್ಬಿಯ ಉಪ್ಪಿಟ್ಟನ್ನೇ ತಿನ್ನಿಸುತ್ತಿದ್ದರು.

ಅವರ ಗಂಡ ಕರುಣಾಕರ ಹಾವೇರಿ ಕಡೆಯ ಸರ್ಕಾರಿ ಬಸ್ಸಿನ ಡ್ರೈವರ್. ಮಕ್ಕಳಿರಲಿಲ್ಲ. ಓಣಿಯಲ್ಲಿ ಕ್ರೈಸ್ತರ ಮನೆ ಅದೊಂದೇ. ನಾನು ಯಶೋಧರಾ, ಅಂಗನವಾಡಿ ಟೀಚರ್, ನಮ್ಮ ಮನೆಯಲ್ಲಿ ಬುದ್ಧನ ಫೋಟೋ ಇದೆ. ಎದುರು ಮನೆಯ ಮಹಾದೇವಕ್ಕ ಕೊರಳಲ್ಲಿ ಲಿಂಗ ಕಟ್ಟಿದವಳು. ಮೂಲೆಮನೆಯ ಹಾಜರಾಬಿ ಹುಲಗೂರಿನ ಹೆಣ್ಣುಮಗಳು, ವರ್ಷಕ್ಕೊಮ್ಮೆ ತವರಿನ ದರ್ಗಾಕ್ಕೆ ಹೋಗಿ ಬಂದು ಓಣಿಗೆಲ್ಲ ಸಕ್ಕರೆ ಹಂಚುತ್ತಾಳೆ. ಸಂಜೆಯಾದರೆ ನಾವು ಮೂವರೂ ನಮ್ಮ ಮನೆಯ ಕಟ್ಟೆಗೆ ಸೇರುತ್ತಿದ್ದೆವು. ಸಿಸ್ಟರಬಾಯಿ ಬರುವವರೆಗೆ ಮಾತಿಗೆ ಉಪ್ಪು ಖಾರ ಹತ್ತುತ್ತಿರಲಿಲ್ಲ.

ಹೋದ ಕಾರ್ತಿಕದಲ್ಲಿ ಕರುಣಾಕರ ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಹೆಣವನ್ನು ಒಂದು ತಾಸಿನ ಮಟ್ಟಿಗೆ ಓಣಿಗೆ ತಂದಿದ್ದರು. ನಾವು ಮೂವರೂ ನಮ್ಮ ನಮ್ಮ ಬಾಗಿಲಲ್ಲಿ ನಿಂತೆವು. ಅವರಲ್ಲಿ ಹಾರ ಹಾಕುತ್ತಾರೋ ಇಲ್ಲವೋ, ಊದಿನಕಡ್ಡಿ ನಡೆಯುತ್ತದೋ ಇಲ್ಲವೋ, ಒಳಗೆ ಹೋದರೆ ಏನು ತಪ್ಪಾಗುತ್ತದೋ ಎಂದು ನಾನು ಮಹಾದೇವಕ್ಕನ ಮುಖ ನೋಡಿದೆ, ಮಹಾದೇವಕ್ಕ ಹಾಜರಾಬಿಯ ಮುಖ ನೋಡಿದಳು, ಹಾಜರಾಬಿ ನನ್ನ ಮುಖ ನೋಡಿದಳು. ಅಷ್ಟರಲ್ಲಿ ಗಾಡಿ ಹಾನಗಲ್ಲಿಗೆ ಹೊರಟೇಹೋಯಿತು. ಅವರ ಚರ್ಚಿನ ಆವರಣದಲ್ಲಿಯೇ ಮಣ್ಣು ಮಾಡಿದರಂತೆ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರು ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಂಡು ಹೋಗಿ, ಅತ್ತವರನ್ನು ಕೂರಿಸಿಕೊಂಡು ಉಣ್ಣಿಸುತ್ತಾರೆ. ಶತ್ರುವಿನ ಮನೆಗೂ ಇದನ್ನು ತಪ್ಪಿಸುವುದಿಲ್ಲ. ಐದು ದಿನ ಬಿಟ್ಟು ಸಿಸ್ಟರಬಾಯಿ ಒಬ್ಬರೇ ಬಸ್ಸಿಳಿದು ಬಂದು ಬೀಗ ತೆಗೆದಾಗ ನಮ್ಮ ಮೂರೂ ಮನೆಗಳಲ್ಲಿ ಹಿಟ್ಟಿತ್ತು. ನಮ್ಮ ರೊಟ್ಟಿ ಅವರ ಸಾವಿಗೆ ಆಗುತ್ತದೋ ಇಲ್ಲವೋ ಎಂದು ಮತ್ತೆ ಅದೇ ಅನುಮಾನ. ಯಾರೂ ಹೋಗಲಿಲ್ಲ. ಅವರ ಕೈಯಲ್ಲಿ ಮಕ್ಕಳನ್ನು ಹೆರುವಾಗ ಇಲ್ಲದ ಅನುಮಾನ ಆಗ ಎಲ್ಲಿಂದ ಬಂತೋ ಗೊತ್ತಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಅಂದಿನಿಂದ ಅವರು ಕಟ್ಟೆಗೆ ಬರಲಿಲ್ಲ. ಜಗಳವಾಡಿದ್ದರೆ ಒಳ್ಳೆಯದಿತ್ತು, ನಾವೂ ನಾಲ್ಕು ಮಾತಾಡಿ ಅತ್ತು ಮುಗಿಸುತ್ತಿದ್ದೆವು. ಎದುರಿಗೆ ಸಿಕ್ಕರೆ "ಆರಾಮ ಇದ್ದೀರೇನ್ರಿ" ಎಂದು ಆಸ್ಪತ್ರೆಯ ಧ್ವನಿಯಲ್ಲಿ ಕೇಳಿ ಮುಂದೆ ಹೋಗುತ್ತಿದ್ದರು. ನನ್ನನ್ನು ಏಕವಚನದಲ್ಲಿ ಬೈಯುತ್ತಿದ್ದವರು ನನಗೆ ರೀ ಹಚ್ಚಿ ಮಾತಾಡತೊಡಗಿದರು. ಯುಗಾದಿ ಕಳೆದ ಮೇಲೆ ಸುದ್ದಿ ಬಂತು. ಮನೆ ಖಾಲಿ ಮಾಡಿ ಗದಗಿನಲ್ಲಿರುವ ತಂಗಿಯ ಹತ್ತಿರ ಹೋಗುತ್ತಾರಂತೆ, ಈಸ್ಟರ್ ಮುಗಿದ ಸೋಮವಾರ ಟೆಂಪೋ ಬರುತ್ತದಂತೆ. ಕಿಟಕಿಯಿಂದ ನೋಡಿದರೆ ಪಾತ್ರೆಗಳೆಲ್ಲ ಗೋಣಿಚೀಲ ಸೇರಿದ್ದವು. ಅವರು ಹಾಗೆ ಹೊರಟುಹೋದರೆ ಈ ತಪ್ಪು ಸಾಯುವವರೆಗೂ ನಮ್ಮ ಕೊರಳಿಗೇ ಎಂದು ನನಗೆ ನಿದ್ದೆ ಹತ್ತಲಿಲ್ಲ.

ಗುಡ್ ಫ್ರೈಡೆಯ ದಿನ ಅಂಗನವಾಡಿಗೆ ರಜೆ. ಬೆಳಿಗ್ಗೆ ನೋಡಿದರೆ ಸಿಸ್ಟರಬಾಯಿ ಬಿಳಿ ಸೀರೆ ಉಟ್ಟು, ಬಾಗಿಲು ಅರ್ಧ ಮುಚ್ಚಿ, ಒಬ್ಬರೇ ಕೂತು ಸಣ್ಣಗೆ ಹಾಡುತ್ತಿದ್ದರು. ಪ್ರತಿ ವರ್ಷ ಆ ದಿನ ಹಾನಗಲ್ಲಿನ ಚರ್ಚಿಗೆ ಹೋಗುವವರು ಈ ಸಲ ಹೋಗಿರಲಿಲ್ಲ. ಅಲ್ಲಿ ಗಂಡನ ಗೋರಿಯಿದೆ, ಮಣ್ಣು ಮಾಡಿ ಬಂದಾಗಿನಿಂದ ಆ ಕಡೆ ಕಾಲೇ ಬರುತ್ತಿಲ್ಲ ಎಂದು ಆಮೇಲೆ ಹೇಳಿದರು. ಒಲೆ ಹೊತ್ತಿರಲಿಲ್ಲ. ನಾನು ನೇರ ಎದುರು ಮನೆಗೆ ಹೋದೆ.

"ಇವತ್ತು ಅವರ ಯೇಸು ಸ್ವಾಮಿ ಸತ್ತ ದಿನ ಅಂತರಿ ಅಕ್ಕಾರ. ಸಿಸ್ಟರಬಾಯಿ ಒಲಿ ಹಚ್ಚಿಲ್ಲ" ಎಂದೆ.

ಮಹಾದೇವಕ್ಕ ಮೊರ ಕೆಳಗಿಟ್ಟಳು. "ದೇವರು ಅಂತಾರ, ಸತ್ತಾನ ಅಂತಾರ. ಹೆಂಗವ ಅದು?"

"ಗೊತ್ತಿಲ್ಲರಿ. ಕ್ಯಾಲೆಂಡರಿನ್ಯಾಗ ಐತಿ."

"ಹಂಗಾರ ಅದು ಸಾವಿನ ಮನಿ ಆತು" ಎಂದು ಮಹಾದೇವಕ್ಕ ಸೆರಗು ಸಿಕ್ಕಿಸಿದಳು. "ಹೋದ ಸಲ ತಪ್ಪೇವಿ, ಈ ಸಲ ತಪ್ಪೂದು ಬ್ಯಾಡ. ಹಾಜರಾಬಿಗೆ ಹೇಳು."

ಮಹಾದೇವಕ್ಕನ ರೊಟ್ಟಿ, ನನ್ನ ಝುಣಕ, ಹಾಜರಾಬಿಯ ಖಿಚಡಿ ಕಟ್ಟಿಕೊಂಡು ಮಧ್ಯಾಹ್ನದ ಹೊತ್ತಿಗೆ ಹೋಗಿ ಬಾಗಿಲು ದೂಡಿದೆವು. ಸಿಸ್ಟರಬಾಯಿ ಬುತ್ತಿ ನೋಡಿದರು, ನಮ್ಮನ್ನು ನೋಡಿದರು, ಏನೂ ತಿಳಿಯದೆ ಸರಿದು ಜಾಗ ಕೊಟ್ಟರು. ಮಹಾದೇವಕ್ಕ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡು, ಸಾವಿನ ಮನೆಯಲ್ಲಿ ಎಲ್ಲರೂ ಮೊದಲು ಕೇಳುವುದನ್ನೇ ಕೇಳಿದಳು.

"ಹೆಂಗ ಆತ್ರಿ?"

ಸಿಸ್ಟರಬಾಯಿ ಯೇಸುವಿನ ಸಾವನ್ನು ಹೇಳತೊಡಗಿದರು. ಜೊತೆಯಲ್ಲಿ ಉಂಡವನೇ ಹಿಡಿದುಕೊಟ್ಟದ್ದು, ಹೊಡೆದದ್ದು, ಶಿಲುಬೆ ಹೊರಿಸಿದ್ದು, ಮೊಳೆ ಜಡಿದದ್ದು. ಮಹಾದೇವಕ್ಕ ಲೊಚಗುಟ್ಟುತ್ತ ನಡುನಡುವೆ ಕೇಳುತ್ತಿದ್ದಳು.

"ನೀರರ ಕೊಟ್ರೇನ್ರಿ?"

"ನೀರಡಿಕಿ ಅಂದಾಗ ಹುಳಿರಸ ಕೊಟ್ರು."

"ಹಡದಾಕಿ ಇದ್ಲೇನು?"

"ಇದ್ಲು. ಅಲ್ಲೇ ಬುಡಕ ನಿಂತಿದ್ಲು."

ಇಷ್ಟು ಕೇಳಿದ್ದೇ ಮಹಾದೇವಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಹಾಜರಾಬಿಯೂ ಅತ್ತಳು, ನಾನೂ ಅತ್ತೆ. ನಿಜ ಹೇಳಬೇಕೆಂದರೆ ಅದರಲ್ಲಿ ಅರ್ಧ ಕರುಣಾಕರ ಅವರಿಗೆ ಅಳದೆ ಉಳಿಸಿಕೊಂಡದ್ದು. ಉಪವಾಸ ಮೂರು ಗಂಟೆಗೆ ಮುಗಿಯುತ್ತದೆಂದು ತಿಳಿದು ಅಲ್ಲಿಯವರೆಗೆ ಕೂತು, ಗಡಿಯಾರ ಮೂರು ಬಡಿದ ಮೇಲೆ ರೊಟ್ಟಿ ಮುರಿದು ಕೈಗೆ ಕೊಟ್ಟೆವು. ಉಂಡರು. ಗಂಡನ ಮಾತು ಮಾತ್ರ ಅವರೂ ಎತ್ತಲಿಲ್ಲ, ನಮಗೂ ಧೈರ್ಯ ಸಾಲಲಿಲ್ಲ.

ಏಳುವಾಗ ಮಹಾದೇವಕ್ಕ ಹೇಳಿದಳು: "ನಾಡದು ಮೂರನೇ ದಿನ. ಬೆಳಕು ಹರಿಯೂದರಾಗ ಬರ್ತೇವ್ರಿ."

"ಬರ್ರಿ. ಬರಲೇಬೇಕು" ಎಂದರು ಸಿಸ್ಟರಬಾಯಿ. ಅವರ ಮುಖದಲ್ಲಿ ಆಶ್ಚರ್ಯವಿತ್ತು. ನಮಗೆ ಈಸ್ಟರ್ ಗೊತ್ತಿದೆ ಎಂದುಕೊಂಡಿರಬೇಕು.

ನಮಗೆ ಗೊತ್ತಿದ್ದದ್ದು ಬೇರೆ. ಮಣ್ಣು ಮಾಡಿದ ಮೂರನೆಯ ದಿನ ಗೋರಿಗೆ ಹೋಗಿ ಹಾಲು ತುಪ್ಪ ಬಿಟ್ಟು ಬರುವುದು ಮಹಾದೇವಕ್ಕನ ಕಡೆಯ ಪದ್ಧತಿ. ಹಾಜರಾಬಿಯವರಲ್ಲೂ ಮೂರನೆಯ ದಿನ ಗೋರಿಗೆ ಹೂವು ಒಯ್ಯುತ್ತಾರೆ. ರವಿವಾರ ಕೋಳಿ ಕೂಗುವ ಹೊತ್ತಿಗೆ ಮಹಾದೇವಕ್ಕ ತಂಬಿಗೆ ತುಂಬ ಹಾಲು, ಬಟ್ಟಲಲ್ಲಿ ತುಪ್ಪ ಹಿಡಿದು ನಿಂತಿದ್ದಳು. ಹಾಜರಾಬಿಯ ಕೈಯಲ್ಲಿ ಎಲೆಯಲ್ಲಿ ಕಟ್ಟಿದ ಗುಲಾಬಿ. ನಾನು ಮೇಣದಬತ್ತಿ ತೆಗೆದುಕೊಂಡಿದ್ದೆ.

ಬಾಗಿಲು ತೆರೆದೇ ಇತ್ತು. ಸಿಸ್ಟರಬಾಯಿ ಮಿಂದು, ಹಳದಿ ಅಂಚಿನ ಸೀರೆಯುಟ್ಟು ಕೂತಿದ್ದರು.

"ನಡೀರಿ ಹೋಗೂಣು. ಗೋರಿ ಎಲ್ಲೈತ್ರಿ? ದೂರಿದ್ರ ಬಸ್ಸಿಗೆ ಹೋಗೂಣು" ಎಂದಳು ಮಹಾದೇವಕ್ಕ.

"ಯಾರ ಗೋರಿ?"

"ನಿಮ್ಮ ಸ್ವಾಮೀದು. ಮೂರು ದಿನ ಆತಲ್ರಿ. ಹಾಲು ತಂದೇನಿ."

ಸಿಸ್ಟರಬಾಯಿ ತಂಬಿಗೆ ನೋಡಿದರು, ಹೂವು ನೋಡಿದರು. ಮೊದಲು ಭುಜ ಅಲುಗಿತು, ಆಮೇಲೆ ನಗು ಬಂತು. ಐದು ತಿಂಗಳಲ್ಲಿ ಮೊದಲ ಸಲ ಅವರು ನಕ್ಕದ್ದು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಾವು ಮತ್ತೆ ಏನೋ ತಪ್ಪು ಮಾಡಿದೆವೆಂದು ನಾನು ಮೇಣದಬತ್ತಿಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

"ಆ ಗೋರಿ ಖಾಲಿ ಐತ್ರಿ ಮಹಾದೇವಕ್ಕ" ಎಂದು ಕಣ್ಣೊರೆಸಿಕೊಂಡು ಹೇಳಿದರು. "ಆವತ್ತೂ ಹಿಂಗs ನಸಿಕಿನ್ಯಾಗ ಹೆಣ್ಮಕ್ಕಳs ಹೋಗಿದ್ರು. ಹೆಣಕ್ಕ ಹಚ್ಚಾಕ ಸುಗಂಧ ತಯಾರ ಮಾಡಿ ಒಯ್ದಿದ್ರು. ಹೋಗಿ ನೋಡಿದ್ರ ಒಳಗ ಯಾರೂ ಇಲ್ಲ. ಜೀವಂತ ಎದ್ದು ಹೋಗಿದ್ದ. ಅದs ಇವತ್ತಿನ ಹಬ್ಬ. ಇವತ್ತು ಅಳೂ ದಿನ ಅಲ್ಲರಿ."

ಮಹಾದೇವಕ್ಕ ತಂಬಿಗೆ ಹಿಡಿದುಕೊಂಡೇ ಹೊಸ್ತಿಲಲ್ಲಿ ಕೂತಳು. "ದೇವರಾದಾಂವ ಸತ್ತದ್ದು ಹೆಂಗ, ಸತ್ತಾಂವ ದೇವರು ಹೆಂಗ, ಅದನ್ನ ಒಂದೀಟು ಬಿಡಿಸಿ ಹೇಳ್ರಿ. ಮೂರು ದಿನದಿಂದ ತಲಿ ತಿನ್ನಾಕತ್ತೈತಿ."

ಸಿಸ್ಟರಬಾಯಿ ಯೋಚಿಸಿದರು. "ನಾ ಎಷ್ಟೋ ಕೂಸುಗಳ್ನ ಹಿಡದೇನಿ. ಎಲ್ಲಾರಿಗೂ ಒಂದು ಹೊತ್ತು ಬರದೇನಿ. ಅದಕ್ಕಿಂತ ಮುಂಚೆ ಆ ಕೂಸು ಇರಲಿಲ್ಲ. ಈತಗ ಮಾತ್ರ ಹಂಗ ಬರಿಯಾಕ ಬರೂದಿಲ್ಲ. ತಾಯಿ ಮರಿಯಳ ಹೊಟ್ಟ್ಯಾಗ ಹುಟ್ಟಿದ್ದು ಖರೆ, ಆದ್ರ ಅಲ್ಲಿಂದ ಶುರು ಆದಾಂವ ಅಲ್ಲ. ಮಣ್ಣು, ನೀರು, ಆಕಾಶ ಏನೂ ಇಲ್ಲದಾಗೂ ತಂದಿ ದೇವರ ಕೂಡ ಇದ್ದಾಂವ, ದೇವರs ಆಗಿ ಇದ್ದಾಂವ. ನಮ್ಮಂಗ ಸಾಯಬೇಕಂತ ನಮ್ಮಂಗ ಹುಟ್ಟಿ ಬಂದ. ಸತ್ತದ್ದೂ ಖರೆ. ಆದ್ರ ಅಲ್ಲಿಗೆ ಮುಗಿಲಿಲ್ಲ. ನಾವು ನಂಬೂದು ಇದು."

"ನಮ್ಮಾಗ ಬ್ಯಾರೆ ಹೇಳ್ತಾರ" ಎಂದಳು ಹಾಜರಾಬಿ ಮೆಲ್ಲಗೆ. "ಪೈಗಂಬರ ಅಂತಾರ, ದೇವರು ಅನ್ನೂದಿಲ್ಲ. ಆದ್ರ ಹೂವು ತಂದೇನಿ."

"ನಿಮ್ಮದು ನಿಮಗಿರಲಿ. ಹೂವು ಕೊಡು" ಎಂದು ಸಿಸ್ಟರಬಾಯಿ ಕೈ ಚಾಚಿದರು. ಚಾಚಿದ ಕೈ ಹಾಗೆಯೇ ನಿಂತಿತು. "ಆತ ಎದ್ದದ್ದಕ್ಕ, ಆತನ ಕೈಯಾಗ ಜೀವ ಇಟ್ಟು ಹೋದವರೂ ಗೋರಿಯೊಳಗ ಉಳಿಯೂದಿಲ್ಲ. ಸಣ್ಣಾಕಿದ್ದಾಗಿಂದ ಇದನ್ನ ಬಾಯಿಪಾಠ ಹೇಳೇನಿ. ನಮ್ಮನಿಯಾಂವ ಹೋದಮ್ಯಾಲೆ ಬಾಯಿಗೆ ಬಂದಿರಲಿಲ್ಲ. ಈಗ ನಿಮಗ ಹೇಳಾಕ ಹೋಗಿ ನನಗs ಕೇಳಿಸಿತು ನೋಡ್ರಿ."

ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದು ನಾನೇ ಬಾಯಿಬಿಟ್ಟೆ.

"ಕರುಣಾಕರಣ್ಣಾರು ಹೋದಾಗ ನಾವು ಬರಲಿಲ್ಲರಿ. ನಿಮ್ಮ ಪದ್ಧತಿ ಗೊತ್ತಿರಲಿಲ್ಲ."

"ಕೇಳಬೇಕಿತ್ತು" ಎಂದರು ಅವರು. ಧ್ವನಿ ಗಡುಸಾಗಿತ್ತು. "ಬಾಗಿಲಾಗ ನಿಂತು ನೋಡಿದ್ರಿ ಮೂರೂ ಮಂದಿ. ಐದು ದಿನ ಬಿಟ್ಟು ಬಂದಾಗ ನನಗ ಒಂದು ರೊಟ್ಟಿ ಸಾಕಿತ್ತು. ಅದಕ್ಕೇನು ಪದ್ಧತಿ ಬೇಕು ಯಶೋಧರಾ? ಬುದ್ಧಿ ಎಲ್ಲಿಟ್ಟಿದ್ದಿ ನೀ?"

ಏಕವಚನ. ಬೈಗುಳ. ನನಗೆ ಎಂಥ ನಿರಾಳವಾಯಿತೆಂದರೆ, ಅವರ ಮೊಣಕಾಲಿಗೆ ತಲೆಯಿಟ್ಟು ಅತ್ತುಬಿಟ್ಟೆ. ಹೆರಿಗೆ ಕೋಣೆಯಲ್ಲಿ ಮಾಡಿದಂತೆಯೇ ನನ್ನ ಬೆನ್ನಿಗೊಂದು ಏಟು ಹಾಕಿ, ಆಮೇಲೆ ಸವರಿದರು. ಅವರೂ ಅಳುತ್ತಿದ್ದರು.

ಅಷ್ಟರಲ್ಲಿ ಮಹಾದೇವಕ್ಕನಿಗೆ ಬೇರೆ ಚಿಂತೆ ಹತ್ತಿತು. "ಗೋರಿಗೆ ಅಂತ ತಂದ ಹಾಲು ತಿರುಗಿ ಮನಿಗೆ ಒಯ್ಯಂಗಿಲ್ಲರಿ ನಮ್ಮಾಗ. ಇದನ್ನೇನು ಮಾಡ್ಲಿ ನಾನು?"

"ಗೋರಿಗೆ ಹಾಲು ಬಿಡೂದು ನಮ್ಮಾಗಿಲ್ಲ. ಹೂವಿಡ್ತೇವಿ. ಹಾಜರಾಬಿ ಹೂವು ಹಾನಗಲ್ಲಿಗೆ ನಮ್ಮನಿಯಾಂವಗ ಒಯ್ಯೂಣು, ಎಲ್ಲಾರೂ ಕೂಡೇ ಹೋಗೂಣು" ಎಂದು ಸಿಸ್ಟರಬಾಯಿ ಎದ್ದರು. "ಹಾಲು ಕಾಸೂಣು. ಹಬ್ಬದ ದಿನ ಚಾ ಕುಡೀದs ಹೋಗ್ತಾರೇನು?"

ಆದರೆ ಕಾಸಲು ಪಾತ್ರೆ ಎಲ್ಲಿದೆ? ಎಲ್ಲ ಗೋಣಿಚೀಲದಲ್ಲಿ. ನಾನು ನಮ್ಮ ಮನೆಯಿಂದ ತರುತ್ತೇನೆ ಎಂದು ಎದ್ದೆ. ಅವರು ಬೇಡವೆಂದು ಕೈ ಮಾಡಿ, ಚೀಲದ ಎದುರು ಕೂತು ಸುತಳಿಯ ಗಂಟಿಗೆ ಉಗುರು ಹಾಕಿದರು. ಬಿಗಿಯಾಗಿ ಕಟ್ಟಿದ ಗಂಟು, ಬಿಚ್ಚಲು ಹೊತ್ತು ಹಿಡಿಯಿತು. ತಳದಲ್ಲಿದ್ದ ಹಾಲಿನ ಪಾತ್ರೆಗಾಗಿ ಪರಾತ, ಹಂಚು, ಡಬ್ಬಿ ಒಂದೊಂದಾಗಿ ಹೊರಗೆ ಬಂದವು. ಹಾಜರಾಬಿ ಅವನ್ನು ಒರೆಸಿ ಒರೆಸಿ ಹಲಗೆಯ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟಳು. ಅವರು ತಡೆಯಲಿಲ್ಲ.

ಹಾಲು ಉಕ್ಕಿ ಬಂದಾಗ ಸಿಸ್ಟರಬಾಯಿ ಗೋಡೆಯ ಗಡಿಯಾರ ನೋಡಿ "ಆರು ಇಪ್ಪತ್ತೆರಡು" ಎಂದು ಗಟ್ಟಿಯಾಗಿ ಹೇಳಿದರು. ಆಮೇಲೆ ಒಲೆ ಸಣ್ಣ ಮಾಡಿ, ನನ್ನ ಕಡೆ ತಿರುಗಿ ಹೇಳಿದರು.

"ಏಳರ ಬಸ್ಸು ಹಿಡಿಯೂಣು. ಅದಕ್ಕ ಮೊದಲ ಆ ಟೆಂಪೋದಾಂವಗ ಫೋನ್ ಹಚ್ಚಿಕೊಡು ಯಶೋಧರಾ. ನಾಳೆ ಬರೂದು ಬ್ಯಾಡ ಅಂತ ಹೇಳ್ತೇನಿ."