ಆಕಾಶಕ್ಕೆ ಹೊರಟ ತುಂಡು

ತೆಲಂಗಾಣ ರಾಜ್ಯವಾದ ಹೊಸತರಲ್ಲಿ ಗದ್ವಾಲದ ನಮ್ಮ ಲೋಹ ಪ್ರಯೋಗಾಲಯದ ಕುಲುಮೆ ನೋಡಿಕೊಳ್ಳುತ್ತಿದ್ದವರು ಉಟ್ಕೂರು ಎಂಬ ಊರಿನ ಒಬ್ಬ ಹಿರಿಯರು. ಉಸಿರು ತಾಗಿದರೂ ಲೋಹ ಕೆಟ್ಟೀತೆಂದು ನಾನು ಮುಖಕ್ಕೆ ಎರಡೆರಡು ಬಟ್ಟೆ ಕಟ್ಟಿಕೊಂಡು ನಡುಗುವಾಗ, ಅವರು ಹೆಗಲ ಟವೆಲ್ ಕೊಡವಿ, "ಏನೂ ಆಗಂಗಿಲ್ಲ ತಗೋರಿ" ಎನ್ನುತ್ತಿದ್ದರು.

ಬಾಹ್ಯಾಕಾಶದಲ್ಲಿ ಕರಗಿಸಿ ನೋಡಲೆಂದು ತಿಂಗಳುಗಟ್ಟಲೆ ಶುದ್ಧ ಮಾಡಿದ್ದ ಲೋಹದ ತುಂಡನ್ನು ಕಳಿಸುವ ಬೆಳಿಗ್ಗೆ, ನಾನು ಪೆಟ್ಟಿಗೆ ತೆರೆದು ನೋಡಿದೆ. ತುಂಡಿನ ಮೇಲೆ ವಿಭೂತಿಯ ಮೂರು ಗೆರೆ!

"ಏನ್ ಮಾಡೀರಿ ಇದು?" ಎಂದು ಅವರನ್ನು ಕೇಳಿದೆ.

"ಅಷ್ಟು ದೂರ ಹೋಗೋರನ್ನ ಬರೇ ಹಣೀಲೆ ಕಳಸ್ತಾರೇನ್ರೀ, ಸಾರ್?"

"ಬೂದಿ ಸೋಕಿದ ಮ್ಯಾಲ ಇದನ್ನ ಯಾರೂ ಒಯ್ಯಂಗಿಲ್ರೀ!"

ಅವರು ಹೆಗಲ ಟವೆಲ್ ತೆಗೆದು ಕೈಯಲ್ಲಿ ಹಿಡಿದರು.

"ನನ್ನಿಂದ ಇದರ ಪಯಣ ನಿಂತ್ಹೋತೇನ್ರೀ?"

ನಾನು ಹೌದೆಂದು ತಲೆಯಾಡಿಸಿದೆ. ಅವರು ಪಯಣ ತಪ್ಪಿದ ಮಗುವನ್ನು ಎತ್ತಿಕೊಂಡಂತೆ ಆ ತುಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕುಲುಮೆಯ ಮುಂದೆ ನೆಲದ ಮೇಲೆ ಕೂತುಬಿಟ್ಟರು.